ಪಿಕಪ್ ಎತ್ತರಿಸುವ ಮುನ್ನ

ಪ್ರಶ್ನೆ: ನನ್ನದು ಇಸುಜು ಹೈ-ಲ್ಯಾಂಡರ್, ಟೂ-ವ್ಹೀಲ್ ಡ್ರೈವ್. ಗುರುಗ್ರಾಮದ ಹಂಪು, ಮಳೆನೀರಿನಿಂದ ಬೇಸತ್ತಿದ್ದೇನೆ. ಮೂರು ಇಂಚು ಲಿಫ್ಟ್ ಮಾಡಿಸಲೇ?

ಉತ್ತರ: ದಯವಿಟ್ಟು ಬೇಡ. ಒಮ್ಮೆ ಗಾಡಿಯ ಹಿಂಬದಿ ಬಗ್ಗಿ ನೋಡಿ. ಆಕ್ಸಲ್ ನಡುವೆ ಉಬ್ಬಿರುವ ಡಿಫರೆನ್ಷಿಯಲ್ ನೆಲಕ್ಕೆ ಎಷ್ಟು ಹತ್ತಿರವಿದೆ! ಲಿಫ್ಟ್‌ನಿಂದ ಬಾಡಿ ಮೇಲೇರುತ್ತದೆ, ಡಿಫರೆನ್ಷಿಯಲ್ ಮಾತ್ರ ಇದ್ದಲ್ಲೇ ಇರುತ್ತದೆ.

ಮುಂಚಕ್ರಗಳಿಗೆ ಡ್ರೈವ್ ಶಾಫ್ಟ್ ಇಲ್ಲದ್ದರಿಂದ ಅದರ ಕೋನ ಕೆಡುವ ಚಿಂತೆಯಿಲ್ಲ, ನಿಜ. ಆದರೆ ಮುಂದೆ ಸ್ಪೇಸರ್ ಹಾಕಿದರೆ ಬಾಲ್ ಜಾಯಿಂಟ್‌ಗಳ ಮೇಲೆ ಒತ್ತಡ ಬಿದ್ದು ಅಲೈನ್‌ಮೆಂಟ್ ತಪ್ಪುತ್ತದೆ. ಹಿಂದೆ ಲೀಫ್ ಸ್ಪ್ರಿಂಗ್‌ಗೆ ಬ್ಲಾಕ್ ಕೊಟ್ಟರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಗಾಡಿ ಅದುರಬಹುದು. ಎಕ್ಸ್‌ಪ್ರೆಸ್‌ವೇಯಲ್ಲಿ ಥಟ್ಟನೆ ಸ್ಟೀರಿಂಗ್ ತಿರುಗಿಸಿದರೆ ವಾಲುವ ಅಪಾಯವೂ ಹೆಚ್ಚು.

ಕಾನೂನೂ ನಿಮ್ಮ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಅದೇ ಹಣದಲ್ಲಿ ಕಂಪನಿ ಒಪ್ಪಿದ ಅಳತೆಯ ಆಲ್-ಟೆರೇನ್ ಟೈರ್ ಹಾಕಿಸಿ. ಸವೆದ ಶಾಕ್ ಅಬ್ಸಾರ್ಬರ್, ಬುಷ್ ಬದಲಿಸಿ. ಖಾಲಿ ಪಿಕಪ್‌ನ ಹಿಂಚಕ್ರ ಕೆಸರಲ್ಲಿ ಜಾರುತ್ತಿದ್ದರೆ ಆಕ್ಸಲ್‌ನ ನೇರಕ್ಕೆ ಸರಕಿನ ತೊಟ್ಟಿಯಲ್ಲಿ ಎರಡು ಮರಳುಚೀಲ ಕಟ್ಟಿಡಿ. ನೀರು ನಿಂತ ಅಂಡರ್‌ಪಾಸ್‌ಗೆ ಮಾತ್ರ ಎಷ್ಟೇ ಎತ್ತರದ ಗಾಡಿಯನ್ನೂ ಇಳಿಸಬೇಡಿ.