ಸೀಸದ ಉದ್ದಿಮೆಗಳು ಮತ್ತು ರಕ್ತಪರೀಕ್ಷೆಯ ಅಗತ್ಯ

ಲೋಕದಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಇಂದು ವಾಹನ, ಇನ್‌ವರ್ಟರ್ ಮತ್ತು ಯು.ಪಿ.ಎಸ್.ಗಳ ಬ್ಯಾಟರಿಗಳಿಗೆ ಸಲ್ಲುತ್ತದೆ. ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸಿ ಮರಳಿ ಬಳಸಬಹುದಾದ ಕಾರಣ ಈ ವಹಿವಾಟು ಲಾಭದಾಯಕವೂ ಹೌದು. ಆದರೆ ಬ್ಯಾಟರಿ ಒಡೆಯುವ ಹಾಗೂ ಸೀಸ ಕರಗಿಸುವ ಸ್ಥಳದಲ್ಲಿ ಏಳುವ ಧೂಳು ಮತ್ತು ಹೊಗೆ ಕಾರ್ಮಿಕರ ಶರೀರವನ್ನು ಸದ್ದಿಲ್ಲದೆ ಸೇರುತ್ತವೆ.

ದುಷ್ಪರಿಣಾಮಗಳು

ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಹಾನಿ ಹಾಗೂ ನರಗಳ ದೌರ್ಬಲ್ಯ ಇದರ ಫಲಗಳು. ಇವು ಸಾಮಾನ್ಯ ಕಾಯಿಲೆಗಳನ್ನೇ ಹೋಲುವುದರಿಂದ ಮೂಲಕಾರಣ ಮರೆಯಾಗಿ ಉಳಿಯುತ್ತದೆ. ಕಾರ್ಮಿಕನ ಉಡುಪಿನ ಧೂಳು ಮನೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ನುಂಗಿದ ಸೀಸವನ್ನು ಮಕ್ಕಳ ಶರೀರವು ವಯಸ್ಕರಿಗಿಂತ ಹಲವು ಪಟ್ಟು ಹೀರಿಕೊಳ್ಳುತ್ತದೆ, ಅವರ ಬುದ್ಧಿಶಕ್ತಿಗೆ ಆಗುವ ಹಾನಿ ಶಾಶ್ವತವಾಗಬಹುದು.

ಪರೀಕ್ಷೆಯ ಕ್ರಮ

ರಕ್ತದಲ್ಲಿನ ಸೀಸವನ್ನು ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಅಳೆಯಲಾಗುತ್ತದೆ. ಬೆರಳ ತುದಿಯ ರಕ್ತದಲ್ಲಿ ಚರ್ಮದ ಮೇಲಿನ ಧೂಳು ಬೆರೆಯುವ ಸಂಭವವಿರುವುದರಿಂದ ರಕ್ತನಾಳದಿಂದ ತೆಗೆದ ಮಾದರಿಯೇ ವಿಶ್ವಾಸಾರ್ಹ. ರಕ್ತದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೂಳೆ ಸೇರಿದ್ದು ದಶಕಗಳ ಕಾಲ ಉಳಿಯುತ್ತದೆ. ಆದುದರಿಂದ ಒಮ್ಮೆ ಮಾಡಿಸಿದ ಪರೀಕ್ಷೆ ಸಾಲದು. ನೇಮಕದ ಸಮಯದಲ್ಲಿ ಒಮ್ಮೆ, ಬಳಿಕ ನಿಗದಿತ ಅವಧಿಗೊಮ್ಮೆ ಮಾಡಿಸಬೇಕು.

ಮಿತಿಗಳ ಅರ್ಥ

ಅಮೆರಿಕದ 1978ರ ಔದ್ಯೋಗಿಕ ನಿಯಮದಂತೆ ಸಾಮಾನ್ಯ ಕಾರ್ಖಾನೆಗಳಲ್ಲಿ ಪ್ರಮಾಣವು 60 ಮುಟ್ಟಿದರೆ ಕಾರ್ಮಿಕನನ್ನು ಸೀಸದ ಕೆಲಸದಿಂದ ಬಿಡಿಸಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಕಂಡುಬಂದರೂ ಸೀಸದ ಮೂಲವನ್ನು ಪತ್ತೆಹಚ್ಚಬೇಕು. ನಿರಪಾಯಕರವೆನ್ನಬಹುದಾದ ಪ್ರಮಾಣವೇ ತಿಳಿದಿಲ್ಲ. ಹಳೆಯ ಮಿತಿಯೊಳಗಿದ್ದ ಮಾತ್ರಕ್ಕೆ ಕಾರ್ಮಿಕನು ಸುರಕ್ಷಿತನೆಂದು ಭಾವಿಸಲಾಗದು. ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯೇ ಸೀಸದ ವಿಷಬಾಧೆಯನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಿತ್ತು.

ಮಾಲೀಕರ ಹೊಣೆ

ಒಂದೇ ವಿಭಾಗದ ಹಲವರಲ್ಲಿ ಪ್ರಮಾಣ ಏರಿದ್ದರೆ ದೋಷ ಅಲ್ಲಿನ ಗಾಳಿಯ ವ್ಯವಸ್ಥೆಯಲ್ಲಿದೆಯೆಂದು ಮೊದಲು ಶಂಕಿಸಬೇಕು. ಹೊಗೆ ಹೊರಸೆಳೆಯುವ ಯಂತ್ರ, ಧೂಳು ಏಳದಂತೆ ಒದ್ದೆ ಮಾಡಿ ಗುಡಿಸುವ ಪದ್ಧತಿ, ತಕ್ಕ ಮುಖಕವಚ, ಊಟಕ್ಕೆ ಪ್ರತ್ಯೇಕ ಕೊಠಡಿ, ಸ್ನಾನಗೃಹ ಹಾಗೂ ಕಾರ್ಖಾನೆಯಲ್ಲಿಯೇ ಒಗೆಯುವ ಸಮವಸ್ತ್ರ ಅವಶ್ಯಕ. ಸೀಸವನ್ನು ಹೊರಹಾಕುವ ಔಷಧವನ್ನು ಮುನ್ನೆಚ್ಚರಿಕೆಯೆಂದು ನೀಡಿ ಅದೇ ಕೆಲಸದಲ್ಲಿ ಮುಂದುವರಿಸುವುದು ಸರಿಯಲ್ಲ.

ಪರೀಕ್ಷಾ ವರದಿಯು ಕೆಲಸದಿಂದ ತೆಗೆಯಲು ನೆಪವಾಗಬಾರದು. ಹಾಗಾದರೆ ಕಾರ್ಮಿಕರು ಪರೀಕ್ಷೆಯಿಂದಲೇ ದೂರ ಸರಿಯುತ್ತಾರೆ, ಕಾಯಿಲೆ ಬಲಿತ ನಂತರವಷ್ಟೇ ಬೆಳಕಿಗೆ ಬರುತ್ತದೆ. ವೇತನಕ್ಕೆ ಕುಂದಿಲ್ಲದೆ ಬೇರೆ ವಿಭಾಗಕ್ಕೆ ವರ್ಗಾಯಿಸುವ ಭರವಸೆಯಿದ್ದಲ್ಲಿ ಮಾತ್ರ ಪರೀಕ್ಷೆಯು ಸಾರ್ಥಕವಾಗುತ್ತದೆ.