ಉಣ್ಣೆ ಜ್ವರ: ಲಸಿಕೆ ಮೊದಲು, ಹಸು ಮಲಗಿದ ಮೇಲಲ್ಲ



"ಕಾಲುಬಾಯಿ ಜ್ವರದ ಇಂಜೆಕ್ಷನ್ ಹಾಕ್ಸಿದೀವಲ್ಲ, ಇನ್ನೇನು ಬೇಕು?" ಶ್ರೀರಾಂಪುರ ಹೋಬಳಿಯಂಥ ಕಡೆ ಹಸು ಕಟ್ಟಿದವರ ಬಾಯಲ್ಲಿ ಬರುವ ಮಾತಿದು. ಆದರೆ ಆ ಲಸಿಕೆ ಉಣ್ಣೆಯಿಂದ ಬರುವ ಥೈಲೇರಿಯಾ ರೋಗವನ್ನು ತಡೆಯುವುದಿಲ್ಲ. ಸಾಲ ಮಾಡಿ ತಂದ ಹಸು ಸತ್ತರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಈ ಪಾಠ.

ರೋಗ ಬರುವುದು ಹೇಗೆ?
ಉಣ್ಣೆ (ಉಣುಗು) ರಕ್ತ ಹೀರುವಾಗ ಕಣ್ಣಿಗೆ ಕಾಣದ ಪರೋಪಜೀವಿ ಹಸುವಿನ ಮೈ ಸೇರುತ್ತದೆ. ಮೊದಲು ಬಿಳಿ ರಕ್ತಕಣಗಳಲ್ಲಿ ಬೆಳೆದು, ನಂತರ ಕೆಂಪು ಕಣಗಳಿಗೆ ಹೋಗುತ್ತದೆ. ಅಮೃತಮಹಲ್, ಹಳ್ಳಿಕಾರ್ ಮುಂತಾದ ನಾಟಿ ದನಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಎಚ್.ಎಫ್., ಜರ್ಸಿ ಮಿಶ್ರತಳಿಗಳು ತಾಳುವುದಿಲ್ಲ. ನಾಟಿ ದನದ ಮೈಮೇಲಿನ ಉಣ್ಣೆಯೇ ಪಕ್ಕದ ಮಿಶ್ರತಳಿ ಹಸುವಿಗೆ ರೋಗ ತರಬಹುದು.

ಗುರುತಿಸುವುದು ಹೇಗೆ?
* 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಜ್ವರ
* ಭುಜದ ಮುಂದಿನ ಗಂಟು (ದುಗ್ಧಗ್ರಂಥಿ) ಊದುವುದು
* ಮೇವು ಬಿಡುವುದು, ಹಾಲು ಇಳಿಯುವುದು
* ಕಣ್ಣಿನ ಒಳರೆಪ್ಪೆ ಬಿಳಿಚುವುದು, ಏದುಸಿರು

ಇವು ಕಂಡ ದಿನವೇ ಪಶುವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. ಬುಪಾರ್ವಾಕ್ವೋನ್ ಎಂಬ ಔಷಧಿ ಇದೆ. ಬೇಗ ಕೊಟ್ಟರೆ ಹಸು ಉಳಿಯುತ್ತದೆ, ತಡವಾದರೆ ಕಷ್ಟ. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಫೋನ್ ಮಾಡಬಹುದು.

ಲಸಿಕೆ
ರೋಗಾಣು ಇರುವ ಕಣಗಳನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಶಕ್ತಿ ಕುಂದಿಸಿ ಈ ಲಸಿಕೆ ತಯಾರಿಸುತ್ತಾರೆ. ಇದು ಜೀವಂತ ಲಸಿಕೆ. ಇದನ್ನು ದ್ರವ ಸಾರಜನಕದಲ್ಲಿ ಇಡಬೇಕು, ಹೊರಗೆ ತೆಗೆದ ಕೂಡಲೇ ಹಾಕಬೇಕು. ಆದ್ದರಿಂದ ಎಲ್ಲ ಕಡೆ, ಎಲ್ಲ ದಿನ ಸಿಗುವುದಿಲ್ಲ. ನಾಲ್ಕಾರು ಮನೆಯವರು ಸೇರಿ ಪಶು ಆಸ್ಪತ್ರೆಯಲ್ಲಿ ಮುಂಚೆಯೇ ವಿಚಾರಿಸಿದರೆ ತರಿಸುವುದು ಸುಲಭ.

3 ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬೇಕು. ಸಾಮಾನ್ಯ ಲಸಿಕಾ ಪಟ್ಟಿಯ ಪ್ರಕಾರ ಜೀವನದಲ್ಲಿ ಒಂದೇ ಸಲ ಸಾಕು. ಗಬ್ಬದ ಹಸುವಿಗೆ, ಕಾಯಿಲೆಯ ಹಸುವಿಗೆ ಬೇಡ. ಶಕ್ತಿ ಬರಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಉಣ್ಣೆ ಹತ್ತದಂತೆ ಜೋಪಾನ ಮಾಡಬೇಕು.

ಕೊಟ್ಟಿಗೆ ಮರೆಯಬೇಡಿ
ಲಸಿಕೆ ಉಣ್ಣೆಯನ್ನು ಕೊಲ್ಲುವುದಿಲ್ಲ. ಕೆಂಪು ಮೂತ್ರದ ರೋಗವನ್ನೂ ತಡೆಯುವುದಿಲ್ಲ. ಉಣ್ಣೆ ಗೋಡೆಯ ಬಿರುಕಿನಲ್ಲಿ, ಗೋದಲಿಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಕಿತ್ತ ಉಣ್ಣೆಯನ್ನು ಕೈಯಲ್ಲಿ ಹಿಸುಕದೆ ಸೀಮೆಎಣ್ಣೆಗೆ ಹಾಕಿ. ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲೇ ಹಚ್ಚಿ.

ಸಂಘದಲ್ಲಿ ಚರ್ಚಿಸೋಣ
1. ನಮ್ಮ ಸಂಘದಲ್ಲಿ ಎಷ್ಟು ಮಿಶ್ರತಳಿ ಕರುಗಳಿವೆ? ಎಷ್ಟಕ್ಕೆ ಈ ಲಸಿಕೆ ಆಗಿದೆ?
2. ಹಸುವಿನ ಸಾಲ ಕೊಡುವಾಗಲೇ ಲಸಿಕೆ, ವಿಮೆಯ ಮಾತು ಆಡುತ್ತೇವೆಯೇ?