ಕರೆಂಟ್ ಹೋದರೂ ನೆಲ ಒದ್ದೆಯಾಗದಿರಲಿ: ಅಕ್ವೇರಿಯಂಗೆ ಸಂಪ್ ಕೂರಿಸಲು 10 ಸೂತ್ರಗಳು

ಅಕ್ವೇರಿಯಂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಮೀನುಗಳು ಬೆಳೆದಿವೆ, ಇದ್ದ ಫಿಲ್ಟರ್ ಸಾಲುತ್ತಿಲ್ಲ, ಹೀಟರ್–ಪೈಪುಗಳ ಸಂತೆ ಗಾಜಿನಾಚೆ ಕಣ್ಣಿಗೆ ರಾಚುತ್ತಿದೆ. ಆಗ ನೆನಪಾಗುವುದು ಸಂಪ್. ಮನೆಯ ಸಂಪು–ಓವರ್‌ಹೆಡ್ ಟ್ಯಾಂಕಿನ ಜೋಡಿಯ ಹಾಗೇ ಇದೂ: ಸ್ಟ್ಯಾಂಡಿನ ಕೆಳಗೊಂದು ತೊಟ್ಟಿ, ಮೇಲೊಂದು ತೊಟ್ಟಿ. ಮೇಲಿನ ನೀರು ತಾನಾಗಿ ಇಳಿದು, ಕೆಳಗೆ ಸೋಸಿಕೊಂಡು, ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ. ಓಡುತ್ತಿರುವಾಗ ಎಲ್ಲರ ಸಂಪೂ ಚೆಂದ. ಲೆಕ್ಕ ಹಾಕಿ ಕೂರಿಸಿದವರು ಯಾರು, ಹಾಕದವರು ಯಾರು ಎಂಬುದು ಗೊತ್ತಾಗುವುದು ಪಂಪ್ ನಿಂತಾಗ.

1. ಮೊದಲು ಟೇಪ್ ಹಿಡಿಯಿರಿ. ಸ್ಟ್ಯಾಂಡಿನ ಬಾಗಿಲಲ್ಲಿ ತೊಟ್ಟಿ ತೂರುತ್ತದೆಯೇ? ತೂರಿದ ಮೇಲೆ ಕೈ ಹಾಕಿ ಹತ್ತಿ ಬದಲಿಸಲು, ಪಂಪ್ ಎತ್ತಲು ಜಾಗ ಉಳಿಯುತ್ತದೆಯೇ? ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಸ್ಟ್ಯಾಂಡಿನ ತಳದ ಹಲಗೆ ಆ ಭಾರ ಹೊರುವಂತಿರಬೇಕು.

2. ಒಂದು ಸೆಂಟಿಮೀಟರ್ ಅಂದರೆ ಎಷ್ಟು ನೀರು, ತಿಳಿದಿರಿ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ಸೆಂ.ಮೀ. ಇಳಿದರೆ 5.4 ಲೀಟರ್ ಕೆಳಗೆ ಬಂದಂತೆ. ಕರೆಂಟ್ ಹೋದಾಗ 3 ಸೆಂ.ಮೀ. ಇಳಿಯಿತು ಎನ್ನಿ: 16 ಲೀಟರಿಗೂ ಮಿಕ್ಕಿ. 90×30 ಸೆಂ.ಮೀ. ಸಂಪಿನಲ್ಲಿ ಅದು 6 ಸೆಂ.ಮೀ. ಏರುತ್ತದೆ. ಪೈಪಿನಲ್ಲಿದ್ದ ನೀರು ಇದಕ್ಕೆ ಬೇರೆ. ಹಾಗಾಗಿ ಸಂಪಿನೊಳಗಿನ ಅತಿ ಎತ್ತರದ ಗಾಜಿನ ಅಡ್ಡಗೋಡೆಯೂ ಅಂಚಿಗಿಂತ 10 ಸೆಂ.ಮೀ. ಕೆಳಗಿರಲಿ. ನಿಮ್ಮ ತೊಟ್ಟಿಯ ಅಳತೆ ಹಾಕಿ ಇದೇ ಲೆಕ್ಕ ಮಾಡಿ. ಅಂಗಡಿಯವರ ಅಂದಾಜನ್ನು ನಂಬಬೇಡಿ.

3. ನೀರು ವಾಪಸ್ ಬೀಳುವ ಬಾಯಿ ಮೇಲೆಯೇ ಇರಲಿ. ಪಂಪ್ ನಿಂತೊಡನೆ ಆ ಪೈಪೇ ಸೈಫನ್ ಆಗಿ ನೀರನ್ನು ಕೆಳಕ್ಕೆ ಎಳೆಯುತ್ತದೆ, ಬಾಯಿಗೆ ಗಾಳಿ ಸಿಗುವವರೆಗೂ ಬಿಡುವುದಿಲ್ಲ. ಬಾಯಿ 15 ಸೆಂ.ಮೀ. ಆಳದಲ್ಲಿದ್ದರೆ ಅಷ್ಟೂ ನೀರು ನೆಲಕ್ಕೆ. ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆಯಿರಿ. ಪಾಚಿ ಕಟ್ಟದಂತೆ ಆಗಾಗ ಚುಚ್ಚಿ ನೋಡಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನೆಚ್ಚಬೇಡಿ. ಒಂದು ಬಸವನಹುಳು, ಬೋರ್‌ವೆಲ್ ನೀರಿನ ಒಂದಿಷ್ಟು ಸುಣ್ಣ ಸಾಕು, ಅದು ಪೂರ್ತಿ ಮುಚ್ಚಿಕೊಳ್ಳದಿರಲು.

4. ಗಾಜು ಯಾವುದೆಂದು ತಿಳಿಯದೆ ಡ್ರಿಲ್ ಎತ್ತಬೇಡಿ. ಟೆಂಪರ್ಡ್ ಗಾಜಿಗೆ ಬಿಟ್ ತಾಗಿದರೆ ಇಡೀ ಹಲಗೆ ಪುಡಿಪುಡಿ. ಸಾದಾ ಗಾಜಾದರೆ ತೊಟ್ಟಿ ಖಾಲಿ ಮಾಡಿ, ವಜ್ರದಂಚಿನ ಬಿಟ್ ಹಾಕಿ, ನೀರು ಸುರಿಯುತ್ತಾ ನಿಧಾನ ವೇಗದಲ್ಲಿ ಕೊರೆಯಬೇಕು. ಅಷ್ಟು ಹೊತ್ತೂ ಮೀನು ಟಬ್ಬಿನಲ್ಲಿರಲಿ, ಹಳೆ ಫಿಲ್ಟರ್ ಅಲ್ಲೇ ಓಡುತ್ತಿರಲಿ, ಜಲ್ಲಿ ಒಣಗದಿರಲಿ. ಕೊರೆಯಲು ಮನಸ್ಸಿಲ್ಲದಿದ್ದರೆ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆ ಇದೆ. ಪಂಪ್ ನಿಂತಾಗಲೂ ಅದರ ಯು–ಟ್ಯೂಬಿನ ಎರಡೂ ತುದಿ ನೀರಲ್ಲೇ ಇರಬೇಕು. ನೆತ್ತಿಯಲ್ಲಿ ಗುಳ್ಳೆ ಸೇರುತ್ತಿದೆಯೇ ಎಂದು ದಿನವೂ ಕಣ್ಣಿಡಿ. ಗಾಳಿ ತುಂಬಿದರೆ ಸೈಫನ್ ಕಡಿಯುತ್ತದೆ, ಪಂಪ್ ಮಾತ್ರ ತಳ್ಳುತ್ತಲೇ ಇರುತ್ತದೆ.

5. ಇಳಿಯಲು ಎರಡು ದಾರಿ ಇರಲಿ. ಒಂದು ಪೈಪಿಗೆ ಎಲೆ ಸಿಕ್ಕಿಕೊಂಡರೆ ಇನ್ನೊಂದು ಕಾಯುತ್ತದೆ. ಇರುವುದು ಒಂದೇ ಆದರೆ ಅದಕ್ಕೆ ವಾಲ್ವ್ ಹಾಕಲೇಬೇಡಿ. ಗೊಳಗೊಳ ಸದ್ದಿಗೆ ರಿಚರ್ಡ್ ಡರ್ಸೋ ಹೆಸರಿನ ಪೈಪ್ ವಿನ್ಯಾಸವಿದೆ: ನೆತ್ತಿಗೊಂದು ಟೀ ಜಾಯಿಂಟ್, ಅದರ ಮುಚ್ಚಳಕ್ಕೆ ಗಾಳಿಯಾಡಲು ಸಣ್ಣ ತೂತು. ಪಂಪ್ ಕೂರುವ ಕೋಣೆಯ ಅಳತೆಯೂ ಮುಖ್ಯ. ಅದರಲ್ಲಿ 12 ಲೀಟರ್ ಇದ್ದು ಇಳಿಯುವ ದಾರಿ ಕಟ್ಟಿಕೊಂಡರೆ, ಎರಡನೇ ಸೂತ್ರದ ಅಳತೆಯ ಮೇಲಿನ ತೊಟ್ಟಿಯಲ್ಲಿ ನೀರು 2.2 ಸೆಂ.ಮೀ. ಏರುತ್ತದೆ. ಅಷ್ಟು ಜಾಗ ಮೇಲೆ ಸದಾ ಖಾಲಿ ಬಿಟ್ಟಿದ್ದರೆ ನೆಲ ಒದ್ದೆಯಾಗದು.

6. ಪಂಪಿನ ಡಬ್ಬದ ಮೇಲಿನ ಅಂಕಿಗೆ ಮರುಳಾಗಬೇಡಿ. ಗಂಟೆಗೆ 2000 ಲೀಟರ್ ಎಂದು ಬರೆದಿರುವುದು ಎತ್ತರವೇ ಇಲ್ಲದಾಗ. ಗರಿಷ್ಠ 3 ಮೀಟರ್ ಎತ್ತುವ ಪಂಪ್ ಒಂದೂವರೆ ಮೀಟರಿಗೆ ಕೊಡುವುದು ಸುಮಾರು ಅರ್ಧ. ಸಿಹಿನೀರಿನ ತೊಟ್ಟಿಗೆ ಗಂಟೆಗೆ ನಾಲ್ಕು ಸುತ್ತು ಧಾರಾಳ. 240 ಲೀಟರಿನ ತೊಟ್ಟಿಗೆ ಈ ಪಂಪ್ ಸರಿಹೋಗುತ್ತದೆ. ಹರಿವು ತಗ್ಗಿಸಬೇಕಾದರೆ ವಾಲ್ವ್ ಪಂಪಿನ ಕಡೆ ಇರಲಿ.

7. ಕೋಣೆಗಳ ಕ್ರಮ ತಪ್ಪಿಸಬೇಡಿ. ಮೊದಲು ಕಸ ಹಿಡಿಯುವ ಹತ್ತಿ ಅಥವಾ ಚೀಲ, ನಂತರ ಬ್ಯಾಕ್ಟೀರಿಯಾ ನೆಲೆಸುವ ಸಿರಾಮಿಕ್ ರಿಂಗ್, ಆಮೇಲೆ ಗುಳ್ಳೆ ತಡೆಯುವ ಅಡ್ಡಗಾಜುಗಳು, ಕೊನೆಗೆ ಪಂಪ್. ಹೀಟರ್ ಇಡುವುದು ನೀರಿನ ಮಟ್ಟ ಕುಸಿಯದ ನಡುವಿನ ಕೋಣೆಯಲ್ಲಿ. ಅಡ್ಡಗಾಜು ಅಂಟಿಸಲು ಶಿಲೀಂಧ್ರನಾಶಕ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಬೇಡ. ಅಂಟು ಪೂರ್ತಿ ಒಣಗಿದ ಮೇಲೆ ಸಮತಟ್ಟು ಜಾಗದಲ್ಲಿ ಥರ್ಮೊಕೋಲ್ ಹಾಸಿ, ನೀರು ತುಂಬಿ, ಒಂದು ಹಗಲು ಒಂದು ರಾತ್ರಿ ಹೊರಗೇ ಬಿಟ್ಟು ನೋಡಿ.

8. ಹಳೆ ಫಿಲ್ಟರ್ ತಕ್ಷಣ ಬಿಚ್ಚಬೇಡಿ. ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ವಾಸಿಸುವುದು ನೀರಿನಲ್ಲಲ್ಲ. ಸ್ಪಂಜು, ಜಲ್ಲಿ, ಗಾಜಿನ ಮೈಗೆ ಅಂಟಿಕೊಂಡು. ಹೊಸ ರಿಂಗ್‌ಗಳಲ್ಲಿ ಅವು ನೆಲೆಯೂರಲು ವಾರಗಳು ಬೇಕು. ಒಂದು ತಿಂಗಳಾದರೂ ಎರಡನ್ನೂ ಜೊತೆಗೇ ಓಡಿಸಿ, ಅಥವಾ ಹಳೆ ಸ್ಪಂಜನ್ನು ತೊಳೆಯದೆ ಸಂಪಿಗೆ ಹಾಕಿ. ಅದೇ ವಾರ ಜಲ್ಲಿ ತೊಳೆಯುವ ಉತ್ಸಾಹ ಬೇಡ. ಸಂಪಿಗೆ ಸೇರುವ ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಬಿಸಿಯೂ ತೊಟ್ಟಿಯಷ್ಟೇ ಇರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತಿದ್ದರೆ ನಿಶ್ಚಿಂತೆ.

9. ಬೇಸಿಗೆಯನ್ನೂ, ತಂತಿಯನ್ನೂ ಮರೆಯಬೇಡಿ. ಆವಿಯಾದ ನೀರಿನ ಕೊರತೆ ಕಾಣುವುದು ಪಂಪಿನ ಕೋಣೆಯಲ್ಲಿ ಮಾತ್ರ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ದಿನವೂ ನೋಡಿ ಸುರಿಯದಿದ್ದರೆ ಪಂಪ್ ಒಣಗಿ ಓಡಿ ಸುಟ್ಟೀತು. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಜೋತು ಮೇಲೇರಲಿ. ಆಗ ಜಾರಿದ ಹನಿ ಪ್ಲಗ್ಗಿಗೆ ತಲುಪುವುದಿಲ್ಲ. ಆ ವಿದ್ಯುತ್ ಲೈನಿಗೆ, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.

10. ಬೇಕೆಂದೇ ಕೆಡಿಸಿ ನೋಡಿ. ನೀವು ಎದುರಿಗಿರುವಾಗಲೇ ಪಂಪಿನ ಸ್ವಿಚ್ ಆರಿಸಿ. ನೀರು ಏರಿ ನಿಂತ ಜಾಗಕ್ಕೆ ಟೇಪ್ ಅಂಟಿಸಿ. ಮತ್ತೆ ಹಾಕಿ: ಸೈಫನ್ ತಾನಾಗಿ ಹಿಡಿಯಿತೇ? ಆಮೇಲೆ ಇಳಿಯುವ ಪೈಪುಗಳ ಬಾಯಿ ಮುಚ್ಚಿಟ್ಟು, ಪಂಪಿನ ಕೋಣೆ ಬರಿದಾಗುವವರೆಗೂ ಮೇಲೆ ನೀರು ಅಂಚು ದಾಟುತ್ತದೆಯೇ ನೋಡಿ. ಎರಡರಲ್ಲೂ ಪಾಸಾದ ಮೇಲೆ, ಪಂಪ್ ಓಡುವಾಗ ಸಂಪಿನ ನೀರು ಎಲ್ಲಿರಬೇಕು ಎಂಬುದಕ್ಕೆ ಎರಡನೇ ಗೆರೆ ಎಳೆಯಿರಿ. ಈ ಗೆರೆಗಿಂತ ಮೇಲೆ ನೀರು ಸುರಿಯಬಾರದು, ಸದ್ದು ಬದಲಾದರೆ ಈ ಸ್ವಿಚ್ ಆರಿಸಬೇಕು: ಈ ಎರಡು ಮಾತು ಮನೆಯ ಎಲ್ಲರಿಗೂ ಗೊತ್ತಿರಲಿ. ನೀವು ಊರಲ್ಲಿಲ್ಲದ ದಿನ ತೊಟ್ಟಿ ಕಾಯುವವರು ಅವರೇ.